ಕೂಸು ಬೇಕಾಗಿದೆ, ಸಂಬಳವಿಲ್ಲ

ನಮ್ಮ ಕಡೆ ಈಗ ಇಬ್ಬರು ಸಿಗುವುದಿಲ್ಲ. ಒಬ್ಬ ಕೊನೆಗೌಡ, ಇನ್ನೊಬ್ಬಳು ಸೊಸೆ.

ನಮ್ಮ ಕಡೆ ಎಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ. ಘಟ್ಟದ ಮೇಲಿನ ಈ ಮೂರು ತಾಲೂಕಿನಲ್ಲಿ ಯಾವ ಮಣ್ಣುರಸ್ತೆ ಹಿಡಿದು ಇಳಿದರೂ ಕೊನೆಗೆ ಒಂದು ಅಡಿಕೆ ತೋಟ, ತೋಟದ ತಲೆಗೆ ಹೆಂಚಿನ ಮನೆ, ಮನೆಯ ಜಗಲಿಯಲ್ಲಿ ಕವಳದ ಬಟ್ಟಲು, ಬಟ್ಟಲಿನ ಪಕ್ಕ ಮೂವತ್ತೆಂಟು ವರ್ಷದ ಮಾಣಿ. ನಮ್ಮ ಹವ್ಯಕ ಬ್ರಾಹ್ಮಣರ ಹವಿಗನ್ನಡದಲ್ಲಿ ಕೂಸು ಎಂದರೆ ಹುಡುಗಿ, ಮಾಣಿ ಎಂದರೆ ಹುಡುಗ. ಮೂವತ್ತೆಂಟಾದರೂ ಮದುವೆಯಾಗುವ ತನಕ ಮಾಣಿಯೇ. ಕೆಲವರು ಹೀಗೆ ಮಾಣಿಯಾಗಿದ್ದುಕೊಂಡೇ ಕನ್ನಡಕ ಹಾಕಿಕೊಂಡರು, ಹಲ್ಲು ಕಟ್ಟಿಸಿಕೊಂಡರು.

ಕೊನೆಗೌಡ ಯಾರೆಂದು ಬಯಲುಸೀಮೆಯವರಿಗೆ ಹೇಳಬೇಕು. ಅಡಿಕೆ ಮರ ಹತ್ತಿ, ತುದಿಯಲ್ಲೇ ಜೋಕಾಲಿಯಾಡಿ ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತ, ಕೊನೆ ಕೊಯ್ದು ಕೆಳಗಿಳಿಸುವವನು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವವನೂ ಅವನೇ. ಅವನಿಲ್ಲದಿದ್ದರೆ ಬೆಳೆ ಮರದಲ್ಲಿ, ನಾವು ನೆಲದಲ್ಲಿ.

ಅವನು ಅಪರೂಪವಾದಾಗ ನಾವೇನು ಮಾಡಿದೆವು? ಕೂಲಿ ಏರಿಸಿದೆವು. ಅವನ ಮನೆ ಬಾಗಿಲಿಗೆ ಬೈಕು ಕಳಿಸಿದೆವು. ಬಂದ ಕೂಡಲೇ ಬಿಸಿ ದೋಸೆ, ಸಂಜೆ ಹೋಗುವಾಗ ಮಕ್ಕಳಿಗೆಂದು ಬಾಳೆಹಣ್ಣು. ಬಿದ್ದುಗಿದ್ದರೆ ಇರಲಿ ಎಂದು ವಿಮೆಯ ಮಾತೂ ಬಂತು. ಹತ್ತುವುದೇ ಬೇಡ, ನೆಲದ ಮೇಲೆ ನಿಂತು ಕೊಯ್ಯಲಿ ಎಂದು ಕಾರ್ಬನ್ ಫೈಬರ್ ದೋಟಿ ತರಿಸಿದೆವು. ‘ಈಗಿನ ಕೊನೆಗೌಡರಿಗೆ ಸಂಸ್ಕಾರ ಇಲ್ಲೆ’ ಎಂದು ಯಾರೂ ಭಾಷಣ ಮಾಡಲಿಲ್ಲ. ಕೆಲಸ ಕಷ್ಟದ್ದು, ಕೂಲಿ ಸಾಲದು, ಅದಕ್ಕೇ ಬರುವುದಿಲ್ಲ ಎಂಬುದು ಎರಡನೇ ಇಯತ್ತೆ ಓದಿದವರಿಗೂ ತಿಳಿಯಿತು.

ಸೊಸೆ ಅಪರೂಪವಾದಾಗ ನಾವು ಸಭೆ ಕರೆದೆವು.

ಅಂಥದೊಂದು ಸಭೆಗೆ ನಾನೂ ಹೋಗಿದ್ದೆ. ಎಲ್ಲಿ, ಯಾರದು ಎಂದು ಕೇಳಬೇಡಿ. ಮೂರು ತಾಲೂಕಿನಲ್ಲಿ ಯಾವ ಸಭಾಭವನದ ಬಾಗಿಲು ತೆರೆದರೂ ಅದೇ ಸಭೆ. ವೇದಿಕೆಯ ಹಿಂದಿನ ಬಟ್ಟೆಯ ಮೇಲೆ ‘ವಧುಗಳ ಅಭಾವ: ಕಾರಣ ಮತ್ತು ಪರಿಹಾರ’ ಎಂದು ಬರೆದಿತ್ತು. ಕುರ್ಚಿಗಳ ಮೇಲೆ ಇದ್ದವರೆಲ್ಲ ಗಂಡಸರು. ಹೆಂಗಸರೂ ಬಂದಿದ್ದರು, ಇಲ್ಲವೆನ್ನಲಾರೆ. ಹಿಂದಿನ ಕೋಣೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದರು. ಪರಿಹಾರ ಸಿಕ್ಕಿದ ಮೇಲೆ ಊಟ ಬೇಕಲ್ಲ.

ಮೊದಲ ವಕ್ತಾರರು ಮೊಬೈಲನ್ನು ಬೈದರು. ಎರಡನೆಯವರು ಹೆಣ್ಣುಮಕ್ಕಳ ಓದನ್ನು, ಬೈಯುವ ಮೊದಲು ‘ಓದು ಬ್ಯಾಡ ಹೇಳಿ ಅಲ್ಲ’ ಎಂಬ ಮಂಗಳಾಚರಣೆ ಮಾಡಿ, ಬೈದರು. ಮೂರನೆಯವರು ನಮ್ಮ ದೂರದ ಭಾವ. ‘ತಪ್ಪು ಕೂಸುಗಳದ್ದಲ್ಲ, ಕೂಸಿನ ಅಪ್ಪ-ಆಯಿದು’ ಎಂದು ಮೇಜು ಗುದ್ದಿದರು. ಚಪ್ಪಾಳೆ ಬಿತ್ತು. ಭಾವನ ಹೆಣ್ಣುಮಕ್ಕಳಿಬ್ಬರೂ ಬೆಂಗಳೂರಿನಲ್ಲಿ, ಅಳಿಯಂದಿರಿಬ್ಬರೂ ಸಾಫ್ಟ್‌ವೇರು. ಒಬ್ಬನೇ ಮಗ ತೋಟದಲ್ಲಿ. ಪಕ್ಕದ ಕುರ್ಚಿಯವರನ್ನು ಲೆಕ್ಕ ಹಾಕಿದೆ. ಅವರದೂ ಅದೇ ಕತೆ: ಮಗಳು ಮಾನ್ಯತಾ ಟೆಕ್ ಪಾರ್ಕಿನಲ್ಲಿ, ಮಗ ಕೊಟ್ಟಿಗೆಯಲ್ಲಿ. ಆ ಸಭೆಯಲ್ಲಿ ಗಂಡಿನ ಅಪ್ಪಂದಿರು ಎಷ್ಟಿದ್ದರೋ ಹೆಣ್ಣಿನ ಅಪ್ಪಂದಿರೂ ಅಷ್ಟೇ ಇದ್ದರು, ಏಕೆಂದರೆ ಇಬ್ಬರೂ ಅವರೇ. ಮಗಳ ಜಾತಕ ಹಿಡಿದಾಗ ‘ತೋಟದ ಮಾಣಿ ಬ್ಯಾಡ’, ಮಗನ ಜಾತಕ ಹಿಡಿದಾಗ ‘ಈಗಿನ ಕೂಸುಗಳಿಗೆ ಬುದ್ಧಿ ಇಲ್ಲೆ’. ಬಲಗೈಯಲ್ಲಿ ಕಲ್ಲೆಸೆದು ಎಡಗೈಯಲ್ಲಿ ಹಣೆ ಒರೆಸಿಕೊಳ್ಳುವ ಈ ವಿದ್ಯೆ ಬೇರೆ ಯಾವ ಸೀಮೆಯಲ್ಲೂ ಇಷ್ಟು ನಾಜೂಕಾಗಿ ಬೆಳೆದಿರಲಾರದು.

ಹೆಣ್ಣೇ ಹುಟ್ಟಿಲ್ಲ ಎನ್ನೋಣವೆಂದರೆ 2011ರ ಜನಗಣತಿ ಬಿಡುವುದಿಲ್ಲ. ಉತ್ತರ ಕನ್ನಡದಲ್ಲಿ 1,000 ಗಂಡಸರಿಗೆ 979 ಹೆಂಗಸರು. ರಾಜ್ಯದ ಸರಾಸರಿ 973. ಹರಿಯಾಣದ ಹಾಗೆ ಹೊಟ್ಟೆಯಲ್ಲೇ ಲೆಕ್ಕ ತೀರಿಸಿದ ಜಿಲ್ಲೆಯಲ್ಲ ಇದು. ಕೂಸುಗಳು ಹುಟ್ಟಿದ್ದಾವೆ, ಓದಿದ್ದಾವೆ, ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಬಸ್ಸು ಹತ್ತಿದ್ದಾವೆ. ಅಷ್ಟೇ.

‘ಹುಟ್ಟಿದ್ದಾವೆ’ ಎಂದು ಬರೆದದ್ದನ್ನು ಗಮನಿಸಿ. ಹವಿಗನ್ನಡದಲ್ಲಿ ಹೆಣ್ಣಿಗೆ ನಪುಂಸಕ ಲಿಂಗ. ಮಾಣಿ ಬಂದ, ಕೂಸು ಬಂತು. ಅಪ್ಪಯ್ಯ ಹೇಳಿದ, ಆಯಿ ಹೇಳ್ತು. ದನ ಬಂತು, ಬಸ್ಸು ಬಂತು, ಹೆಂಡತಿ ಬಂತು. ಇದು ಪ್ರೀತಿಯ ಮಾತು, ಅವಮಾನವಲ್ಲ ಎಂದು ನಾನು ಪರವೂರಿನವರ ಮುಂದೆ ಹಲವು ಸಲ ವಾದಿಸಿ ಗೆದ್ದಿದ್ದೇನೆ. ಮನೆಯಲ್ಲಿ ಮಗಳ ಮುಂದೆ ವಾದಿಸಿಲ್ಲ.

ಈಗ ಹಳೆಯ ಕಡತ. 1887ರಲ್ಲಿ ಘಟ್ಟದ ಕೆಳಗಿನ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ಒಂದು ಪ್ರಹಸನ ಬರೆದರು. ಇಗ್ಗಪ್ಪ ಹೆಗಡೆಯ ವಿವಾಹದ ಪ್ರಹಸನ. ಅದಕ್ಕೆ ಅವರೇ ಇಟ್ಟ ಎರಡನೆಯ ಹೆಸರು ‘ಕನ್ಯಾವಿಕ್ರಯದ ಪರಿಣಾಮ’. ಕನ್ನಡದ ಮೊದಲ ಸಾಮಾಜಿಕ ನಾಟಕ ಇದೇ ಎಂದು ಅನೇಕರು ಹೇಳುತ್ತಾರೆ. ತೆಲುಗರು ಗುರಜಾಡರ ‘ಕನ್ಯಾಶುಲ್ಕ’ವನ್ನು ರಂಗಕ್ಕೆ ತಂದದ್ದು 1892ರಲ್ಲಿ, ನಮ್ಮ ಇಗ್ಗಪ್ಪ ಅವರಿಗಿಂತ ಐದು ವರ್ಷ ಹಿರಿಯ. ಅವರು ಕನ್ಯಾಶುಲ್ಕವನ್ನು ತಲೆಯ ಮೇಲೆ ಹೊತ್ತು ಮೆರೆದರು. ನಾವು ಇಗ್ಗಪ್ಪನನ್ನು ಅಟ್ಟಕ್ಕೆ ಹಾಕಿದೆವು. ಕನ್ನಡಿಯನ್ನು ಯಾರು ತಾನೇ ಜಗಲಿಯಲ್ಲಿ ತೂಗುಹಾಕುತ್ತಾರೆ?

ಕನ್ಯಾವಿಕ್ರಯ ಎಂದರೆ ಹೆಣ್ಣು ಮಾರುವುದು. ಆಗ ಗಂಡಿನ ಕಡೆಯವರು ಹೆಣ್ಣಿನ ಅಪ್ಪನಿಗೆ ದುಡ್ಡು ಎಣಿಸುತ್ತಿದ್ದರು. ದುಡ್ಡಿದ್ದವನಿಗೆ ಹೆಣ್ಣು, ಅವನಿಗೆ ವಯಸ್ಸೆಷ್ಟು ಎಂಬುದು ಅವನಿಗೂ ಜೋಯಿಸರಿಗೂ ಬಿಟ್ಟದ್ದು. ಶುಲ್ಕ ತೆಗೆದುಕೊಂಡು ಮಗಳನ್ನು ಕೊಡಬೇಡ ಎಂದು ಮನು ಹೇಳಿದ್ದ. ಮನುವಿನ ಮಾತನ್ನು ಶೂದ್ರರ ವಿಷಯದಲ್ಲಿ ಅಕ್ಷರ ಬಿಡದೆ ಪಾಲಿಸಿದವರು ಈ ಒಂದು ಶ್ಲೋಕದ ಹತ್ತಿರ ಬರುವಾಗ ಕವಳ ಉಗಿಯಲು ಎದ್ದು ಹೋದರು. ಸುತ್ತಲಿನ ಎಷ್ಟೋ ಸಮುದಾಯಗಳಲ್ಲಿ ಇದೇ ಪದ್ಧತಿಗೆ ‘ತೆರ’ ಎಂಬ ನೇರ ಹೆಸರಿತ್ತು. ಅವರು ತೆರ ಎಂದರು, ಮುಗಿಯಿತು. ನಾವು ಮಂತ್ರ ಹೇಳಿ ದುಡ್ಡು ಎಣಿಸಿದೆವು.

ಆಮೇಲೆ ಕಾಲ ಮಗುಚಿತು. ಮಾಣಿಗಳು ಇಂಗ್ಲಿಷು ಕಲಿತರು, ಬ್ಯಾಂಕು ಸೇರಿದರು, ಮಾಸ್ತರಾದರು. 1923ರಲ್ಲಿ ತೋಟಗಾರರು ಸೇರಿ ಶಿರಸಿಯಲ್ಲಿ ತಮ್ಮದೇ ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡಿದ್ದರು. ಅಡಿಕೆಗೆ ಟೆಂಡರು, ತೂಕ, ದರ್ಜೆ ಎಲ್ಲ ಬಂತು. ಚಾಲಿ ಬೇರೆ, ರಾಶಿ ಬೇರೆ, ಬೆಟ್ಟೆ ಬೇರೆ. ಅದೇ ಶಿಸ್ತನ್ನು ನಾವು ವರನಿಗೂ ಅನ್ವಯಿಸಿದೆವು: ಬ್ಯಾಂಕಿನ ಮಾಣಿ, ಇಂಜಿನಿಯರ್ ಮಾಣಿ, ಎಂಟು ಎಕರೆಯ ಒಬ್ಬನೇ ಮಾಣಿ. ಒಂದೊಂದಕ್ಕೆ ಒಂದೊಂದು ದರ. ಈಗ ಎಣಿಸುವ ಕೈ ಹೆಣ್ಣಿನ ಅಪ್ಪನದು. ಅದಕ್ಕೆ ವರದಕ್ಷಿಣೆ ಎನ್ನಲಿಲ್ಲ. ವರದಕ್ಷಿಣೆ ಬೇರೆಯವರು ತೆಗೆದುಕೊಳ್ಳುವುದು. ನಮ್ಮದು ‘ವರೋಪಚಾರ’.

ನಾನೂ ವರೋಪಚಾರಕ್ಕೆ ಒಳಗಾದವನೇ. ಮದುವೆಯಾದದ್ದು 1986ರಲ್ಲಿ. ನಾನು ಏನನ್ನೂ ಕೇಳಲಿಲ್ಲ ಎಂದು ಮೂವತ್ತು ವರ್ಷ ಹೇಳಿಕೊಂಡು ತಿರುಗಿದ್ದೇನೆ, ಅದು ನಿಜ ಕೂಡ. ಕೇಳಿದ್ದು ಅಪ್ಪಯ್ಯ. ನಾನು ಪಕ್ಕದಲ್ಲಿ ಕೂತು ನೆಲ ನೋಡುತ್ತಿದ್ದೆ. ಕೈಗೆ ಗಡಿಯಾರ, ಬೆರಳಿಗೆ ಉಂಗುರ, ಅಂಗಳಕ್ಕೆ ಮೋಟಾರ್ ಸೈಕಲ್ಲು ಬಂದಾಗಲೂ ನೆಲವನ್ನೇ ನೋಡುತ್ತಿದ್ದೆ. ಮೋಟಾರ್ ಸೈಕಲ್ಲಿನ ಪೆಟ್ರೋಲು ಮುಗಿದಾಗ ಮಾತ್ರ ತಲೆ ಎತ್ತಿ ಮಾವನ ಮನೆ ದಾರಿ ನೋಡಿದೆ. 1961ರಿಂದಲೇ ವರದಕ್ಷಿಣೆ ನಿಷೇಧ ಕಾಯ್ದೆ ಇತ್ತಲ್ಲ ಎಂದು ಮಗಳು ಕೇಳುತ್ತಾಳೆ. ಇತ್ತು. ಕಾಯ್ದೆ ಇದ್ದದ್ದು ಶಿರಸಿ ಕೋರ್ಟಿನಲ್ಲಿ, ಮದುವೆ ಆದದ್ದು ಹಳ್ಳಿಯ ಚಪ್ಪರದಲ್ಲಿ. ನಡುವೆ ಹದಿನಾರು ಕಿಲೋಮೀಟರು.

ಈಗ ಕಾಲ ಮತ್ತೆ ಮಗುಚಿದೆ. ‘ನಂಗಕ್ಕೆ ಎಂತೂ ಬ್ಯಾಡ, ಕೂಸೊಂದು ಕೊಡಿ ಸಾಕು. ಮದ್ವೆ ಖರ್ಚೆಲ್ಲ ನಂಗಳದ್ದೇ.’ ಇದು ಇಂದಿನ ಮಂತ್ರ. ಬಂಗಾರ ನಮ್ಮದು, ಚಪ್ಪರ ನಮ್ಮದು, ಹೆಣ್ಣಿನ ಕಡೆಯವರ ಬಸ್ಸೂ ನಮ್ಮದು. ನಡುವಿನ ದಲ್ಲಾಳಿಯ ಕೈಬಿಸಿಯೂ ನಮ್ಮದು. ಇದಕ್ಕೊಂದು ಸಂಸ್ಕೃತ ಹೆಸರು ಇನ್ನೂ ಸಿಕ್ಕಿಲ್ಲ, ಪಂಡಿತರು ಹುಡುಕುತ್ತಿರಬೇಕು. ಹಳೆಯ ಹೆಸರು ಕನ್ಯಾವಿಕ್ರಯ ಎಂದು ಯಾರೂ ನೆನಪಿಸುವುದಿಲ್ಲ. ಇಗ್ಗಪ್ಪ ಅಟ್ಟದಲ್ಲಿ ಸೀನುತ್ತಾನೆ.

ಕಾಯ್ದೆ ಬರೆದವರು ಮಾತ್ರ ಭಾರಿ ಚಾಣಾಕ್ಷರು. ಅದರ ಎರಡನೆಯ ಕಲಮಿನಲ್ಲಿ ‘ಗಂಡಿಗೆ ಕೊಟ್ಟದ್ದು’ ಎಂದಿಲ್ಲ. ಮದುವೆಯ ಒಂದು ಪಕ್ಷ ಇನ್ನೊಂದು ಪಕ್ಷಕ್ಕೆ ಕೊಟ್ಟ ಆಸ್ತಿ ಎಂದಿದೆ. ಹೆಣ್ಣಿನ ಅಪ್ಪನಿಗೆ ಎಣಿಸಿದರೂ ಆ ಬಲೆಯೊಳಗೆ ಬೀಳಬಹುದು. ಸಾಲದ್ದಕ್ಕೆ 4ಎ ಎಂಬ ಕಲಮು: ಮಗನ ಮದುವೆಗೆ ಪ್ರತಿಯಾಗಿ ಆಸ್ತಿಯಲ್ಲಿ ಪಾಲು ಕೊಡುತ್ತೇನೆಂದು ಜಾಹೀರಾತು ಹಾಕಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಅಥವಾ 15,000 ರೂಪಾಯಿವರೆಗೆ ದಂಡ. ನಮ್ಮ ವಧು-ವರರ ವಾಟ್ಸಾಪ್ ಗುಂಪುಗಳಲ್ಲಿ ಬರುವ ‘ವರನ ಹೆಸರಿನಲ್ಲಿ ಮೂರು ಎಕರೆ ಭಾಗಾಯ್ತ, ಕೂಸಿನ ಹೆಸರಿಗೆ ಮಾಡಿಸಿಕೊಡಲು ತಯಾರಿ’ ಎಂಬ ಸಂದೇಶಗಳನ್ನು ಯಾರಾದರೂ ಪೊಲೀಸರು ಓದತೊಡಗಿದರೆ ಮೂರು ತಾಲೂಕಿನ ಅಡಿಕೆ ಮರದಲ್ಲೇ ಒಣಗುತ್ತದೆ. ಸುದೈವಕ್ಕೆ ಪೊಲೀಸರಲ್ಲೂ ಮದುವೆಯಾಗದ ಗಂಡುಮಕ್ಕಳಿದ್ದಾರೆ.

ಇದು ನಮ್ಮದೊಂದೇ ಕಸುಬು ಎಂದುಕೊಳ್ಳಬೇಡಿ. ಯುರೋಪಿನವರು ಯಂತ್ರ ಕಂಡುಹಿಡಿಯುವ ಮೊದಲು ಇದನ್ನೇ ಕಂಡುಹಿಡಿದಿದ್ದರು. ವೆನಿಸ್ ನಗರದ ಶ್ರೀಮಂತರಲ್ಲಿ ವರದಕ್ಷಿಣೆ ಎಷ್ಟು ಏರಿತೆಂದರೆ, 1420ರಲ್ಲಿ ಅಲ್ಲಿಯ ಸೆನೆಟ್ ಸಭೆ 1,600 ಡುಕಾಟಿಗಿಂತ ಹೆಚ್ಚು ಕೊಡಬಾರದೆಂದು ಕಟ್ಟು ಮಾಡಿತು. ಡುಕಾಟು ಎಂದರೆ ಚಿನ್ನದ ನಾಣ್ಯ. 1505ರಲ್ಲಿ ಅದೇ ಸೆನೆಟ್ ಮಿತಿಯನ್ನು 3,000ಕ್ಕೆ ಏರಿಸಬೇಕಾಯಿತು. ಕಟ್ಟು ಮಾಡಿದವರಿಗೂ ಗಂಡುಮಕ್ಕಳಿದ್ದರಲ್ಲ. ಫ್ಲಾರೆನ್ಸಿನವರು ಇನ್ನೂ ಜಾಣರು. 1425ರಲ್ಲಿ ಸರ್ಕಾರವೇ ವರದಕ್ಷಿಣೆಯ ನಿಧಿ ತೆರೆಯಿತು: ಮೊಂತೆ ದೆಲ್ಲೆ ದೋತಿ. ಈ ದೋತಿ ಉಡುವುದಲ್ಲ, ಅಡಿಕೆ ಕೊಯ್ಯುವ ದೋಟಿಯೂ ಅಲ್ಲ. ಅವರ ಭಾಷೆಯಲ್ಲಿ ವರದಕ್ಷಿಣೆ. ಅಪ್ಪ ಎಳೆಯ ಮಗಳ ಹೆಸರಿನಲ್ಲಿ ಹಣ ಇಡಬೇಕು, ಏಳೂವರೆ ಅಥವಾ ಹದಿನೈದು ವರ್ಷಕ್ಕೆ ಬೆಳೆದ ಗಂಟು ಸಿಗುತ್ತದೆ. ಸಿಗುವುದು ಮಗಳ ಗಂಡನಿಗೆ. ನಡುವೆ ಮಗಳು ಸತ್ತರೆ ಹಣ ಮೊದಮೊದಲು ಸರ್ಕಾರದ್ದೇ. ಆ ದುಡ್ಡಿನಲ್ಲಿ ಊರು ಮಿಲಾನಿನವರ ಜೊತೆಗಿನ ಯುದ್ಧದ ಸಾಲ ತೂಗಿಸಿಕೊಂಡಿತು. ಮಗಳ ಮದುವೆಗೆಂದು ಕೂಡಿಟ್ಟದ್ದು ಗಂಡಸರ ಜಗಳಕ್ಕೆ ಖರ್ಚಾಗುವುದನ್ನು ನೋಡಲು ನಾವು ಫ್ಲಾರೆನ್ಸಿಗೆ ಹೋಗಬೇಕಾಗಿಲ್ಲ, ಯಾವುದಾದರೂ ತೋಟದ ಗಡಿ ತಕರಾರಿನ ಕಡತ ನೋಡಿದರೆ ಸಾಕು.

ಕೊಡಲಾಗದ ಮಗಳನ್ನು ವೆನಿಸಿನವರು ಮಠಕ್ಕೆ ಸೇರಿಸಿದರು. ದೇವರಿಗೂ ದಕ್ಷಿಣೆ ಕೊಡಬೇಕಿತ್ತು, ಆದರೆ ದೇವರು ಮೋಟಾರ್ ಸೈಕಲ್ಲು ಕೇಳುತ್ತಿರಲಿಲ್ಲ. 1604ರಲ್ಲಿ ಹುಟ್ಟಿದ ಅರ್ಕಾಂಜೆಲಾ ತರಬೊತ್ತಿ ಹಾಗೆ ಮಠದೊಳಗೆ ಹೋಗಿ ಅಲ್ಲೇ 1652ರಲ್ಲಿ ಸತ್ತಳು. ಸುಮ್ಮನೆ ಸಾಯಲಿಲ್ಲ. ಅಪ್ಪಂದಿರ ದಬ್ಬಾಳಿಕೆಯ ಮೇಲೆ ಪುಸ್ತಕ ಬರೆದಿಟ್ಟು ಸತ್ತಳು.

ಇದು ಉಳ್ಳವರ ಕತೆ. ಬಡವರ ಕತೆ ಬೇರೆ, ನನಗೆ ಬೇಕಾದದ್ದೂ ಅದೇ. ಯುರೋಪಿನ ವಾಯವ್ಯದ ಊರುಗಳಲ್ಲಿ, ಹಾಲೆಂಡ್, ಇಂಗ್ಲೆಂಡ್, ಫ್ರಾನ್ಸಿನ ಉತ್ತರ ಭಾಗದಲ್ಲಿ, ಹಳ್ಳಿಯ ಹುಡುಗಿ ಹದಿಹರೆಯದಲ್ಲೇ ಪಟ್ಟಣಕ್ಕೆ ಹೋಗಿ ಯಾರದೋ ಮನೆಯಲ್ಲಿ ಕೆಲಸಕ್ಕೆ ನಿಲ್ಲುತ್ತಿದ್ದಳು. ನೀರು ಹೊರುವುದು, ಬಟ್ಟೆ ಒಗೆಯುವುದು, ನೂಲುವುದು, ಬೆಣ್ಣೆ ಕಡೆಯುವುದು. ಹೆಚ್ಚುಕಡಿಮೆ ನಮ್ಮ ಸೊಸೆಯ ಕೆಲಸವೇ. ಒಂದೇ ವ್ಯತ್ಯಾಸ: ವರ್ಷದ ಕೊನೆಗೆ ಅವಳ ಕೈಗೆ ಸಂಬಳ. ಹತ್ತು-ಹನ್ನೆರಡು ವರ್ಷ ಕಾಸಿಗೆ ಕಾಸು ಕೂಡಿಟ್ಟು, ಹಾಸಿಗೆ-ಪಾತ್ರೆ ಕೊಂಡು, ಇಪ್ಪತ್ನಾಲ್ಕು, ಇಪ್ಪತ್ತಾರಕ್ಕೆ ತಾನೇ ದುಡಿದ ವರದಕ್ಷಿಣೆ ಹಿಡಿದು ಮದುವೆಯಾಗುತ್ತಿದ್ದಳು. ಬೇಡವಾದರೆ ಇಲ್ಲ. ಹತ್ತರಲ್ಲಿ ಒಬ್ಬಳಾದರೂ ಮದುವೆಯಾಗದೇ ಉಳಿಯುತ್ತಿದ್ದಳು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಿಂದ ಇಟಲಿಯ ತ್ರಿಯೆಸ್ತೆಗೆ ಒಂದು ಗೆರೆ ಎಳೆಯಿರಿ, ಅದರ ಪಶ್ಚಿಮಕ್ಕೆ ಹೆಂಗಸರು ತಡವಾಗಿ ಮದುವೆಯಾದರು ಎಂದು ಜನಸಂಖ್ಯಾಶಾಸ್ತ್ರಜ್ಞ ಜಾನ್ ಹೈನಲ್ 1965ರಲ್ಲಿ ಲೆಕ್ಕ ಹಾಕಿ ಬರೆದ. ಇಂಗ್ಲಿಷಿನಲ್ಲಿ ಮದುವೆಯಾಗದವಳಿಗೆ ‘ಸ್ಪಿನ್‌ಸ್ಟರ್’ ಎನ್ನುತ್ತಾರಲ್ಲ, ಅದರ ಮೂಲ ಅರ್ಥ ನೂಲುವವಳು. ಅಲ್ಲಿ ಕಸುಬಿನ ಹೆಸರು ಅವಳಿಗೆ ಅಂಟಿಕೊಂಡಿತು. ನಮ್ಮಲ್ಲಿ ಅಂಥವಳಿಗಿರುವ ಹೆಸರು ‘ಪಾಪ’.

ಅಲ್ಲೇನು ಸ್ವರ್ಗವಿರಲಿಲ್ಲ. ಕುಶಲಕರ್ಮಿಗಳ ಸಂಘಗಳು ಹೆಂಗಸರನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದವು. ಯಜಮಾನ ಸತ್ತರೆ ಮಾತ್ರ ಅವನ ವಿಧವೆ ಅಂಗಡಿ ನಡೆಸಬಹುದಿತ್ತು. ಆಗ ಅಂಗಡಿಯ ಆಸೆಗೆ ಕೈಕೆಳಗಿನ ಕೆಲಸಗಾರರು ಸಾಲುಗಟ್ಟಿ ಅವಳ ಕೈ ಕೇಳಲು ಬರುತ್ತಿದ್ದರು. ನಮ್ಮ ಸೀಮೆಯಲ್ಲಿ ಅದೇ ಕಾಲದಲ್ಲಿ ಗಂಡ ಸತ್ತವಳಿಗೆ ಏನು ಮಾಡುತ್ತಿದ್ದೆವು ಎಂಬುದು ಮಡಿಯ ವಿಷಯ, ಬರೆಯುವುದಿಲ್ಲ.

ನಮ್ಮ ಕೂಸುಗಳು ಬೆಂಗಳೂರಿನ ಪೀಜಿಯಲ್ಲಿ ಕೂತು ಮಾಡುತ್ತಿರುವುದು ಆ ಹಾಲೆಂಡಿನ ಹುಡುಗಿ ಮಾಡಿದ್ದನ್ನೇ. ತಿಂಗಳ ಮೊದಲ ತಾರೀಖಿಗೆ ಫೋನು ಟಿಣ್ ಎನ್ನುತ್ತದೆ, ಸಂಬಳ ಅವಳ ಖಾತೆಗೆ. ಮದುವೆಗೆ ಅಪ್ಪನ ಗಂಟು ಬೇಡ. ಅಪ್ಪನ ಗಂಟು ಬೇಡವಾದ ಮೇಲೆ ಅಪ್ಪನ ಆಯ್ಕೆ ಯಾಕೆ? ಇಷ್ಟು ಸಣ್ಣ ಲೆಕ್ಕ ಸಭೆಯ ಯಾವ ಭಾಷಣದಲ್ಲೂ ಬರಲಿಲ್ಲ.

ಅವಳು ಬೇಡ ಎಂದದ್ದು ಯಾವುದನ್ನು? ಮಾಣಿಯನ್ನೇ? ಮಾಣಿಯನ್ನು ಅವಳು ನೋಡಿಯೇ ಇಲ್ಲ. ಅವಳು ನೋಡಿದ್ದು ಆಯಿಯನ್ನು. ಐದಕ್ಕೆ ಎದ್ದು ಬಚ್ಚಲೊಲೆಗೆ ಬೆಂಕಿ, ಕೊಟ್ಟಿಗೆಯಲ್ಲಿ ಸೆಗಣಿ, ಹಾಲು, ದೋಸೆ ಬಂಡಿ, ಮನೆಯವರಿಗೆ ಒಂದು ಪಂಕ್ತಿ, ಕೆಲಸದವರಿಗೆ ಇನ್ನೊಂದು ಪಂಕ್ತಿ. ಮಧ್ಯಾಹ್ನ ದೇವರ ನೈವೇದ್ಯ, ಸಂಜೆ ಯಾರೋ ನೆಂಟರು, ‘ಆಸ್ರಿಗೆ ಎಂತ ಬೇಕು?’ ಬೇಸಿಗೆಯಲ್ಲಿ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ. ಇವೆರಡೂ ಆಗ ಮಾರಾಟದ ಸರಕಾಗಿರಲಿಲ್ಲ, ಮನೆತನದ ಮರ್ಯಾದೆಯಾಗಿದ್ದವು, ಅಂದರೆ ಬಿಟ್ಟಿ. ಗೋಬರ್ ಗ್ಯಾಸಿನಲ್ಲಿ ನಮ್ಮ ಸೀಮೆ ಮುಂದು ಎಂದು ಪರದೇಶದವರು ಬಂದು ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಒಲೆಯ ಹೊಗೆ ಹೋಯಿತು, ನಿಜ. ಫೋಟೋದಲ್ಲಿ ಒಲೆಯ ಪಕ್ಕ ನಿಂತವಳೇ ಬೆಳಿಗ್ಗೆ ಮೊಣಕೈವರೆಗೆ ಕೈ ಹಾಕಿ ಸೆಗಣಿ ಕಲಕಿದವಳು, ಅದು ಶೀರ್ಷಿಕೆಯಲ್ಲಿ ಇರುವುದಿಲ್ಲ.

ಮತ್ತೆ ಅಡಿಕೆ ಸುಗ್ಗಿ. ಕೊನೆಗೌಡ ಇಳಿಸಿಟ್ಟು ಕೂಲಿ ಎಣಿಸಿಕೊಂಡು ಹೋದ ಮೇಲೆ ನಿಜವಾದ ಕೆಲಸ ಶುರು. ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿ ಹನ್ನೆರಡರ ತನಕ ಹಸಿಯಡಿಕೆ ಸುಲಿಯುವುದು. ಬೆರಳೆಲ್ಲ ಚೊಗರು ಹಿಡಿದು ಕಪ್ಪು; ಆ ಕಪ್ಪು ಹೋಗುವ ಹೊತ್ತಿಗೆ ಶಿವರಾತ್ರಿ. ಸುಲಿಯಲು ಬಂದ ಆಳುಗಳಿಗೆ ಕಿಲೋ ಲೆಕ್ಕದಲ್ಲಿ ದುಡ್ಡು. ಪಕ್ಕದಲ್ಲೇ ಕೂತು ಅವರಿಗಿಂತ ಹೆಚ್ಚು ಸುಲಿದ ಮನೆಯೊಡತಿಗೆ ‘ಕೈ ಚುರುಕಿದ್ದು’ ಎಂಬ ಪ್ರಶಸ್ತಿ. ತಿಂಗಳಿಗೆ ಮೂರು ದಿನ ಹೊರಗೆ ಕೂರುವ ರಜೆ ಇತ್ತಲ್ಲ ಎನ್ನಬಹುದು. ನಮ್ಮನೆಯಲ್ಲಿ ಆ ಮೂರು ದಿನ ಒಲೆಗೆ ಮೈಲಿಗೆ, ದೇವರಿಗೆ ಮೈಲಿಗೆ, ಬಾವಿಗೆ ಮೈಲಿಗೆ. ಅಡಿಕೆಗೆ ಮಾತ್ರ ಯಾವ ಮೈಲಿಗೆಯೂ ತಾಗುತ್ತಿರಲಿಲ್ಲ.

ಹಾಗಾಗಿ ನಮ್ಮ ವಧು-ವರರ ಅಂಕಣಗಳ ಸುಳ್ಳು ಸಾಕಾಗಿ ನಾನೇ ಒಂದು ಜಾಹೀರಾತು ಬರೆದೆ. ‘ಕೂಸು ಬೇಕಾಗಿದೆ. ಕೆಲಸದ ವೇಳೆ ಬೆಳಿಗ್ಗೆ ಐದರಿಂದ ರಾತ್ರಿ ಹತ್ತು, ಸುಗ್ಗಿಯಲ್ಲಿ ಹನ್ನೆರಡು. ಬಿ.ಇ. ಆದವರಿಗೆ ಆದ್ಯತೆ. ರಜೆ: ತವರಿನಲ್ಲಿ ಯಾರಾದರೂ ಸತ್ತರೆ. ಬಡ್ತಿ: ಇಲ್ಲಿ ಅತ್ತೆ ಸತ್ತರೆ. ಸಂಬಳವಿಲ್ಲ, ಗೌರವವಿದೆ. ಅನುಭವ ಬೇಕಿಲ್ಲ, ಅಭಿಪ್ರಾಯ ಇರಕೂಡದು.’ ನಾಲ್ಕು ಗುಂಪಿಗೆ ಕಳಿಸಿದೆ. ಮೂರು ಗುಂಪಿನಿಂದ ನನ್ನನ್ನು ಹೊರಹಾಕಿದರು. ನಾಲ್ಕನೆಯದರಲ್ಲಿ ಒಬ್ಬರು ‘ಗೋತ್ರ ಯಾವುದು?’ ಎಂದು ಕೇಳಿದರು.

ಸರ್ಕಾರ ಸುಮ್ಮನೆ ಕೂತಿಲ್ಲ. 2021ರ ಜನವರಿಯಲ್ಲಿ ರಾಜ್ಯ ಬ್ರಾಹ್ಮಣ ಅಭಿವೃದ್ಧಿ ಮಂಡಳಿ ಎರಡು ಯೋಜನೆ ತಂದಿತು. ಅರುಂಧತಿ: ಬಡ ವಧುವಿಗೆ 25,000 ರೂಪಾಯಿ. ಮೈತ್ರೇಯಿ: ಅರ್ಚಕ, ಪುರೋಹಿತರನ್ನು ಮದುವೆಯಾದರೆ 3 ಲಕ್ಷದ ಬಾಂಡು. ಹೆಸರಿಟ್ಟವರು ಉಪನಿಷತ್ತು ಓದಿದ್ದಾರೋ ಇಲ್ಲವೋ ಎಂದು ನಾನು ಕೇಳುವುದಿಲ್ಲ, ಕೇಳಿದರೆ ಓದಿದ್ದೇವೆ ಎನ್ನುತ್ತಾರೆ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಮನೆ ಬಿಡುವ ಮುನ್ನ ಇಬ್ಬರು ಹೆಂಡಿರಿಗೆ ಆಸ್ತಿ ಪಾಲು ಮಾಡಲು ಹೊರಟಾಗ, ನಿನ್ನ ದುಡ್ಡು ಕಟ್ಟಿಕೊಂಡು ನಾನೇನು ಅಮೃತಳಾಗುತ್ತೇನೆಯೇ ಎಂದು ತಿರುಗಿ ಕೇಳಿದವಳು ಮೈತ್ರೇಯಿ. ಗಂಡನ ದುಡ್ಡು ಬೇಡವೆಂದ ಆ ಒಬ್ಬಳನ್ನೇ ಹುಡುಕಿ ತಂದು ಅವಳ ಹೆಸರಿನಲ್ಲಿ ಬಾಂಡು ಹೊರಡಿಸಿದ್ದಾರೆ. ಫ್ಲಾರೆನ್ಸಿನವರಿಗೆ ಇಷ್ಟು ಹಾಸ್ಯಪ್ರಜ್ಞೆ ಇರಲಿಲ್ಲ.

ಬ್ರಾಹ್ಮಣರದೇ ಗೋಳು ಎಂದೇನಿಲ್ಲ. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ಒಕ್ಕಲಿಗರ ವಧು-ವರರ ಸಮಾವೇಶ ನಡೆದಾಗ ಹೆಣ್ಣುಮಕ್ಕಳು ಸುಮಾರು 250, ಗಂಡುಗಳು ಹತ್ತು ಸಾವಿರಕ್ಕೂ ಮೇಲೆ ಎಂದು ಪತ್ರಿಕೆಗಳು ಬರೆದವು. ಮೂರೇ ತಿಂಗಳಿಗೆ ಮಂಡ್ಯದ ಅವಿವಾಹಿತ ರೈತರು ಹೆಣ್ಣು ಕೊಡಿಸಪ್ಪಾ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಆ ಏಪ್ರಿಲ್‌ನಲ್ಲಿ, ಚುನಾವಣೆಯ ಬಿಸಿಯಲ್ಲಿ, ರೈತರ ಮಕ್ಕಳನ್ನು ಮದುವೆಯಾಗುವ ಹುಡುಗಿಗೆ 2 ಲಕ್ಷ ಕೊಡುವುದಾಗಿ ಎಚ್.ಡಿ. ಕುಮಾರಸ್ವಾಮಿ ಘೋಷಿಸಿದರು. ಹಿಂದೆ ಬೆಲೆ ಕಟ್ಟುತ್ತಿದ್ದವನು ಅಪ್ಪ. ಈಗ ಪಕ್ಷದ ಪ್ರಣಾಳಿಕೆ.

ನಮ್ಮವರು ಇನ್ನೂ ದೂರ ಹೋದರು. ಉತ್ತರ ಪ್ರದೇಶದಿಂದ, ಕಾಶಿಯ ಕಡೆಯಿಂದ ಹೆಣ್ಣು ತಂದರು. ಉತ್ತರ ಕನ್ನಡದ ಪ್ರಶ್ನೆಗೆ ಉತ್ತರ ಪ್ರದೇಶವೇ ಉತ್ತರ. ಇದೇನು ಹೊಸದೆಂದು ಮೂಗೆಳೆಯುವವರಿಗೆ ತಾಳಗುಂದದ ಶಾಸನ ತೋರಿಸುತ್ತೇನೆ. ಐದನೆಯ ಶತಮಾನದಲ್ಲಿ ಬನವಾಸಿಯ ಕದಂಬ ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜಮನೆತನಗಳಿಗೆ ಕೊಟ್ಟಿದ್ದನ್ನು ಅದು ಹೊಗಳುತ್ತದೆ. ಆಗ ಶಿರಸಿ ತಾಲೂಕಿನ ಕೂಸು ಉತ್ತರಕ್ಕೆ ಹೋಗಿತ್ತು, ಸಾವಿರದ ಐನೂರು ವರ್ಷದ ಮೇಲೆ ಗುಪ್ತರು ಬಾಕಿ ತೀರಿಸುತ್ತಿದ್ದಾರೆ. ಬಂದ ಸೊಸೆಯಂದಿರಲ್ಲಿ ಕೆಲವರು ವರ್ಷ ತುಂಬುವುದರೊಳಗೆ ಹವಿಗನ್ನಡ ಕಲಿತು ತಂಬುಳಿ ಮಾಡುತ್ತಾರೆ. ಅವರನ್ನು ಹೊಗಳುವಾಗ ನಮ್ಮವರು ಹೇಳುವುದು ಒಂದೇ ಮಾತು: ‘ಕೆಲಸಕ್ಕೆ ಬೇಜಾರಿಲ್ಲೆ.’ ಸತ್ಯ ಹೀಗೆ ಕೆಲವೊಮ್ಮೆ ಅಡುಗೆಮನೆಯ ಕಿಟಕಿಯಿಂದ ಹೊರಬೀಳುತ್ತದೆ.

ಅಂದಿನ ಸಭೆ ಮೂರು ಗೊತ್ತುವಳಿ ಮಾಡಿತು. ಹೆಣ್ಣುಮಕ್ಕಳಿಗೆ ಸಂಸ್ಕಾರ ಶಿಬಿರ. ಹೆಣ್ಣು ಹೆತ್ತವರಿಗೆ ತಿಳಿವಳಿಕೆ ಶಿಬಿರ. ಮುಂದಿನ ಸಭೆ. ಗಂಡುಮಕ್ಕಳಿಗೆ ದೋಸೆ ಹೊಯ್ಯುವ ಶಿಬಿರ ಮಾಡಬಹುದಲ್ಲ ಎಂದು ನಾನು ಎದ್ದು ನಿಂತು ಕೇಳಿದ್ದಕ್ಕೆ ಒಳ್ಳೆಯ ನಗು ಬಂತು, ತಮಾಷೆ ಎಂದುಕೊಂಡರು. ಹೆಂಗಸರ ಅಭಿಪ್ರಾಯವನ್ನೂ ಕೇಳೋಣ ಎಂದು ಯಾರೋ ಹುರುಪಿನವರು ಅಂದರು. ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ ಒಳಗೆ ಹೇಳಿಕಳಿಸಿದರು. ಒಬ್ಬ ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ಎಷ್ಟು ಎಲೆ ಹಾಕಬೇಕು ಎಂದು ಕೇಳಿದರು. ನಲವತ್ತೆಂಟು ಎಂದು ಅಧ್ಯಕ್ಷರು ಹೇಳಿದರು. ಅಭಿಪ್ರಾಯ ಸಂಗ್ರಹ ಮುಗಿಯಿತು.

ಮನೆಗೆ ಬಂದಾಗ ರಾತ್ರಿ ಒಂಬತ್ತು. ಅಂಗಳದ ಚಪ್ಪರದಲ್ಲಿ ದೀಪದ ಕೆಳಗೆ ಹೆಂಡತಿ ಮೆಟ್ಟುಗತ್ತಿಯ ಮುಂದೆ ಕೂತಿದ್ದಳು. ಆಳುಗಳು ಹೋಗಿಯಾಗಿತ್ತು. ಅವಳ ತವರಿನ ಕಡೆ ಪಾಲುಪಟ್ಟಿ ಆದ ವರ್ಷ ನೆನಪಾಯಿತು. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು ರಾಜ್ಯದ ಕಾನೂನು 1994ರಲ್ಲಿ ಹೇಳಿತು, ಆದರೆ ಅಷ್ಟರೊಳಗೆ ಮದುವೆಯಾದವರಿಗೆ ಇಲ್ಲವೆಂದಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಅವಳನ್ನೂ ಒಳಗೆ ಸೇರಿಸಿಕೊಂಡಿತು. ಮರುವರ್ಷವೇ ಅವಳ ಅಣ್ಣ ಅಕ್ಕರೆಯಿಂದ ಕರೆದೊಯ್ದು, ಕಾಯಿಕಡುಬಿನ ಊಟ ಹಾಕಿ, ಸೀರೆ ಕೊಟ್ಟು, ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿದ. ಭಾವ ಒಳ್ಳೆಯವನು. ನಾನೂ ನನ್ನ ತಂಗಿಯರಿಗೆ ಒಳ್ಳೆಯ ಸೀರೆಯನ್ನೇ ಕೊಟ್ಟಿದ್ದೆ.

ಸಭೆಯ ಕತೆ ಹೇಳಿದೆ. ನಗಲಿಲ್ಲ. ಕವಳ ಹಾಕಿಕೊಂಡು, ಸ್ವಲ್ಪ ರಸಿಕತೆ ತಂದುಕೊಂಡು ಕೇಳಿದೆ:

‘ಅಲ್ಲಾ, ನೀ ಈಗ ಇಪ್ಪತ್ತೈದರ ಕೂಸಾಗಿದ್ರೆ ನಮ್ಮನಿಗೆ ಬತ್ತಿದ್ಯ?’

ಅವಳು ತಲೆ ಎತ್ತಲಿಲ್ಲ. ಕತ್ತಿಗೆ ಅಡಿಕೆ ಒತ್ತುತ್ತ, ಸಂಬಂಧ ಕೇಳಲು ಬಂದವರ ದನಿಯಲ್ಲಿ ಕೇಳಿದಳು:

‘ತೋಟ ಎಷ್ಟಿದ್ದು?’

‘ನಾಕೂವರೆ ಎಕರೆ.’

‘ಪಹಣಿ ಯಾರ ಹೆಸರಲ್ಲಿದ್ದು?’

ಅಷ್ಟರಲ್ಲಿ ನನ್ನ ಪುಣ್ಯಕ್ಕೆ ಫೋನು ಬಡಿದುಕೊಂಡಿತು. ಕೊನೆಗೌಡ. ನಾಳೆ ಬರುತ್ತೇನೆ, ಆದರೆ ಹೋದ ವರ್ಷದ ಕೂಲಿಗೆ ಆಗುವುದಿಲ್ಲ ಹೆಗಡೇರೇ ಎಂದ. ಎದ್ದು ಅಂಗಳದ ಕತ್ತಲೆಗೆ ಹೋಗಿ, ‘ಅಡ್ಡಿಲ್ಲ ಮಾರಾಯಾ, ಎಷ್ಟು ಹೇಳ್ತ್ಯೋ ಅಷ್ಟು, ಬೆಳಿಗ್ಗೆ ಬೈಕು ಕಳಿಸ್ತೆ’ ಎಂದೆ.